ವಾರ್ಸಿತಿ ಬಂದರೆ ಚಹಾ ಲೋಟ ಮಾಯ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಾವಾದ ಉತ್ತರ ಕರಾವಳಿಯ ಮೀನುಗಾರರ ಓಣಿಯಲ್ಲಿ ವಾರ್ಸಿತಿ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಬರುತ್ತಿದ್ದಾರೆ. ಬುಟ್ಟಿಯಲ್ಲಿ ಮಾರಾಟದ ಜಾಮು ಎಂಬ ಗಿಡಮೂಲಿಕೆ ಕಷಾಯದ ಶೀಷೆಗಳು, ನಡುಪಟ್ಟಿಯ ಗಂಟಿನಲ್ಲಿ ಬಸುರಿಯರಿಗೆ ಕೊಡುವ, ರಕ್ತ ಹೆಚ್ಚಿಸುವ ಕಬ್ಬಿಣಾಂಶದ ಮಾತ್ರೆಗಳು. ಅವರು ತಿರುವಿನಲ್ಲಿ ಕಂಡದ್ದೇ ತಡ, ಜಗಲಿಗಳ ಮೇಲಿನ ಚಹಾ ಲೋಟಗಳೆಲ್ಲ ಒಳಗೆ ಓಡುತ್ತವೆ.

"ಲೋಟ ಬಚ್ಚಿಟ್ರೆ ವಾಸನೆ ಎಲ್ಲಿ ಬಚ್ಚಿಡ್ತೀರೇ?" ಎಂದು ನಗುತ್ತಾ ಮುಂದೆ ಸಾಗುತ್ತಾರೆ.

ಕಷಾಯ ಅವರ ಹೊಟ್ಟೆಪಾಡು. ಮಾತ್ರೆಯ ಕೆಲಸಕ್ಕೆ ಸಂಬಳವಿಲ್ಲ. ಮೈಯಲ್ಲಿ ರಕ್ತ ಸಾಲದೆ ತಂಗಿ ಹೆರಿಗೆಯಲ್ಲೇ ತೀರಿಕೊಂಡ ಮೇಲೆ, ಸೂಲಗಿತ್ತಿ ನರ್ಸಮ್ಮನ ಬಳಿ ತಾವೇ ಹೋಗಿ ಕೇಳಿ ಪಡೆದದ್ದು ಅದು.

ಈ ಸಲ ಅವರ ನಿದ್ದೆಗೆಡಿಸಿದವಳು ಚೊಚ್ಚಲ ಬಸುರಿ ತುರಿಯಾ. ಅವಳ ರಕ್ತದ ಹಿಮೋಗ್ಲೋಬಿನ್ ಒಂಬತ್ತರಿಂದ ಮೇಲೇಳಲೊಲ್ಲದು. ಹನ್ನೊಂದು ಮುಟ್ಟದಿದ್ದರೆ ಊರಲ್ಲಿ ಹೆರಿಗೆ ಮಾಡಿಸುವುದಿಲ್ಲ, ದೂರದ ಪಟ್ಟಣದ ಆಸ್ಪತ್ರೆಯೇ ಗತಿ ಎಂದು ನರ್ಸಮ್ಮ ಹೇಳಿಬಿಟ್ಟಿದ್ದರು. "ದಿನಾ ನುಂಗ್ತಾನೇ ಇದೀನಲ್ಲ, ಯು," ಎಂದು ಹುಡುಗಿ ಅಳುತ್ತಿದ್ದಳು. ಓಣಿಗೆಲ್ಲ ವಾರ್ಸಿತಿ 'ಯು', ಅಂದರೆ ಅಕ್ಕ; ಹಿರಿಯ ಹೆಂಗಸರು 'ಬು', ಅಂದರೆ ಅಮ್ಮ.

ಒಂದು ಬೆಳಿಗ್ಗೆ ಮರೆತ ಶೀಷೆಗಾಗಿ ಆ ಮನೆಗೆ ಹಿಂದಿರುಗಿದರೆ, ಅತ್ತೆ ಕಸ್ಮಿರಾ ಸೊಸೆಗೆ ಬಿಸಿಬಿಸಿ ಸಿಹಿ ಚಹಾದಲ್ಲಿ ಮಾತ್ರೆ ನುಂಗಿಸುತ್ತಿದ್ದಾರೆ. ಚಹಾ ಬಿದ್ದರೆ ಮಾತ್ರೆಯ ಸತ್ವ ಮೈಗೆ ಹತ್ತುವುದಿಲ್ಲ. ಆದರೆ ಅತ್ತೆ ಕೊಟ್ಟ ಚಹಾ ಬೇಡವೆನ್ನುವ ಸೊಸೆ ಈ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ.

"ಬು ಕಸ್ಮಿರಾ, ನಾನು ಮುಂಬಾಗಿಲಲ್ಲಿ ರಕ್ತ ತಂದು ಹಾಕ್ತೀನಿ, ನೀವು ಹಿತ್ತಲಲ್ಲಿ ಚೆಲ್ತೀರಲ್ಲ!"

"ಬರೀ ನೀರು ಕೊಟ್ರೆ ಜನ ಏನಂತಾರೆ? ಬಸುರಿಗೆ ಒಂದು ಚಮಚ ಸಕ್ಕರೆ ಹಾಕೋಕೂ ಅತ್ತೆಗೆ ಕೈ ಬರಲ್ಲ ಅಂತಾರೆ."

"ಸಕ್ಕರೆ ಹಾಕಿ ಬು, ಯಾರು ಬೇಡ ಅಂದ್ರು? ಕಿತ್ತಳೆ ರಸಕ್ಕೆ ಹಾಕಿ. ಚಹಾ ಮಧ್ಯಾಹ್ನ ಕೊಡಿ, ಎರಡು ಲೋಟ ಕೊಡಿ."

ಅತ್ತೆಯ ಮಾನವೂ ಉಳಿಯಿತು, ಕಿತ್ತಳೆಯೂ ಬಂತು. ಸುದ್ದಿ ಓಣಿ ಸುತ್ತಿ, ಮಾತ್ರೆ ನುಂಗದವರೂ ವಾರ್ಸಿತಿಯನ್ನು ಕಂಡರೆ ಲೋಟ ಅಡಗಿಸುವಂತಾಯಿತು.

ಇವತ್ತು ನರ್ಸಮ್ಮ ತುರಿಯಾಳ ಬೆರಳು ಚುಚ್ಚಿ ನೋಡಿದ್ದಾರೆ. ಹನ್ನೊಂದು, ಮೇಲೆ ಚೂರು. ಹೆರಿಗೆ ಊರಲ್ಲೇ. "ಎಲ್ಲಾ ನನ್ನ ಕಿತ್ತಳೆ ರಸದ ಮಹಿಮೆ," ಎಂದು ಕಸ್ಮಿರಾ ಓಣಿಗೆಲ್ಲ ಸಾರುತ್ತಿದ್ದಾರೆ. ವಾರ್ಸಿತಿ ಹೌದೌದು ಎಂದು ತಲೆಯಾಡಿಸುತ್ತಾರೆ. ಅವರಿಗೆ ಆಗಿರುವ ಖುಷಿ ಇಷ್ಟಿಷ್ಟಲ್ಲ.

ನಿಮಗೇನು ಬೇಕು ಎಂದು ತುರಿಯಾ ಕೇಳಿದರೆ ವಾರ್ಸಿತಿ ನಾಚುತ್ತಾರೆ. "ನಂಗೂ ಚಹಾ ಅಂದ್ರೆ ಪ್ರಾಣ. ಈಗ ಯಾರ ಮನೇಲೂ ಒಂದು ಗುಟುಕು ಹುಟ್ಟಲ್ಲ."

ಮಾತು ಕಸ್ಮಿರಾರ ಕಿವಿಗೆ ಬೀಳುತ್ತದೆ. ಒಳಗಿನಿಂದ ದೊಡ್ಡ ಲೋಟದ ತುಂಬ ಚಹಾ ಬರುತ್ತದೆ.

"ಕುಡಿ ವಾರ್ಸಿ. ನೀನೇನು ಬಸುರಿ ಅಲ್ವಲ್ಲ."