ಒಳಸಾಲಿಗೆ ಬಂದ ಬೆಳಕು

ಹಂಚಿನ ಮಾಡು ಕಟ್ಟುವ ಜಟ್ಟಿ ಹೋದ ಕಾರ್ತಿಕದಲ್ಲಿ ತೀರಿಕೊಂಡ. ಕುಮಟೆಯಿಂದ ಭಟ್ಕಳದವರೆಗೆ ಅವನ ಕೈ ತಾಗದ ಅಂಗಡಿಮಾಡು ಕಡಿಮೆ. ಆದರೆ ಅವನನ್ನು ನೆನೆದರೆ ಮೊದಲು ಕಣ್ಣಿಗೆ ಕಟ್ಟುವುದು ಎಂಬತ್ಮೂರನೇ ಇಸವಿಯ ಮಾರ್ಚಿನ ಆ ಎಂಟು ದಿನ.

ಹೊಳನಗದ್ದೆ ದಾರಿಯ ಗೇರುಬೀಜದ ಕಾರ್ಖಾನೆಯಲ್ಲಿ ಅವನ ಅಕ್ಕ ಬಂಗಾರಿ ಬೀಜ ಆರಿಸುತ್ತಿದ್ದಳು. ಬಿಳಿಯದು ಒಂದು ಕಡೆ, ಕಂದಿದ್ದು ಇನ್ನೊಂದು ಕಡೆ. ಕಿಟಕಿಯಿಂದ ದೂರದ ಒಳಸಾಲಿನಲ್ಲಿ ಕೂತ ಅವಳಿಗೂ ಜತೆಯ ಒಂಬತ್ತು ಹೆಂಗಸರಿಗೂ ಹಟ್ಟಹಗಲಲ್ಲೂ ಬಲ್ಬೇ ಗತಿ. ಆ ವರ್ಷ ಕರೆಂಟು ತಾಸುಗಟ್ಟಲೆ ಹೋಗತೊಡಗಿತು. ಇದ್ದಾಗಲೂ ಆ ಹಳದಿ ಬೆಳಕಿನಲ್ಲಿ ಬೀಜ ಅದಲುಬದಲಾಗುತ್ತಿತ್ತು. ಮಾಲೀಕರಾದ ತ್ರ್ಯಂಬಕ ಶಾನಭಾಗರು ಬೇಸತ್ತು, ಒಳಸಾಲನ್ನೇ ತೆಗೆಯುತ್ತೇನೆ, ಹತ್ತೂ ಜನ ಮನೆಗೆ ಹೋಗಲಿ ಎಂದರು. ಗಂಡನಿಲ್ಲದ ಬಂಗಾರಿಗೆ ಅದೊಂದೇ ಅನ್ನದ ದಾರಿ. ಜಟ್ಟಿ ಓಡಿಹೋಗಿ ಎಂಟು ದಿನದ ವಾಯಿದೆ ಕೇಳಿದ. ಹಗಲು ಬಲ್ಬೇ ಬೇಡದ ಹಾಗೆ ಮಾಡಿಕೊಡುತ್ತೇನೆಂದ.

ಅವನಿಗೆ ಗೊತ್ತಿದ್ದದ್ದು ತಾಯಿಯ ಅಡುಗೆಮನೆ. ಅಲ್ಲಿ ಮಾಡಿನಲ್ಲಿ ಒಂದು ಗಾಜಿನ ಹಂಚು. ಅದರಿಂದ ಇಳಿದ ಬಿಸಿಲಬಿಲ್ಲೆ ಅರೆಯುವ ಕಲ್ಲಿಗೆ ಬಂದರೆ ಅನ್ನಕ್ಕೆ ಎಸರಿಡುವ ಹೊತ್ತು. ಒಂದು ಹಂಚು ಒಂದು ಕೋಣೆ ಬೆಳಗುವುದಾದರೆ ಹನ್ನೆರಡು ಹಂಚಿಗೆ ಕಾರ್ಖಾನೆ ಬೆಳಗದೇ? ಬಿಸಿಲು ಚೆನ್ನಾಗಿ ಬೀಳಲೆಂದು ತೆಂಕಣ ಇಳಿಜಾರಿಗೇ ಹನ್ನೆರಡನ್ನೂ ಕೂರಿಸಿದ.

ಮರುದಿನ ಮಧ್ಯಾಹ್ನ ಒಳಸಾಲಿನಲ್ಲಿ ಹನ್ನೆರಡು ಬಿಸಿಲಬಿಲ್ಲೆ ಸುಡುತ್ತ ಕೂತವು. ಹೆಂಗಸರು ತಟ್ಟೆ ಎತ್ತಿಕೊಂಡು ಅತ್ತಿತ್ತ ಸರಿದರೆ ಅವೂ ಹಿಂದೆಯೇ ಸರಿದು ಬಂದವು.

"ತಮ್ಮಾ, ಬೀಜ ಹುರೂಕೆ ಹಿಂದೆ ಬೇರೆ ಒಲೆ ಎಂತಕ್ಕೆ? ನಿನ್ನ ಹಂಚೇ ಸಾಕು," ಎಂದಳು ಬಂಗಾರಿ. ಇಡೀ ಸಾಲು ನಕ್ಕಿತು. ಜಟ್ಟಿ ಮುಖ ಸಣ್ಣದು ಮಾಡಿಕೊಂಡು ಕೆಳಗಿಳಿದ.

ಆಗಲೇ ಅವನು ಅದನ್ನು ಕಂಡದ್ದು. ಅನುಮಾನದ ಬೀಜ ಸಿಕ್ಕಾಗಲೆಲ್ಲ ಅಕ್ಕ ಎದ್ದು ಬಡಗಣ ಬಾಗಿಲಿಗೆ ಹೋಗಿ, ಅಲ್ಲಿ ಹಿಡಿದು ನೋಡಿ ಬರುತ್ತಿದ್ದಳು. ಅಂಗಳದ ಬಿಸಿಲಿಗೆ ಇಳಿಯುತ್ತಿರಲಿಲ್ಲ. ಯಾಕೆಂದು ಕೇಳಿದ.

"ಬಿಸಿಲಲ್ಲಿ ಎಲ್ಲಾ ಬಿಳಿ, ಬಲ್ಬಲ್ಲಿ ಎಲ್ಲಾ ಹಳದಿ. ಈ ನೆರಳಲ್ಲೇ ಬೀಜದ ಬಣ್ಣ ಕಾಣೂದು. ಅಷ್ಟೂ ಗೊತ್ತಿಲ್ಯಾ ನಿಂಗೆ?"

ಜಟ್ಟಿ ಅಂದು ಊಟಕ್ಕೂ ಕೂರಲಿಲ್ಲ. ಗಾಜಿನ ಹಂಚನ್ನೆಲ್ಲ ಕಿತ್ತು ಮಣ್ಣಿನ ಹಂಚು ಹೊದೆಸಿದ. ಮಾಡಿನ ನೆತ್ತಿ ತೆರೆದು, ಅದರ ಮೇಲೆ ಮೊಣಕಾಲೆತ್ತರದ ಇನ್ನೊಂದು ಪುಟ್ಟ ಮಾಡು ಎಬ್ಬಿಸಿದ. ಅದರ ಬಡಗಣ ಮುಖಕ್ಕೆ ಉದ್ದಕ್ಕೂ ನೆಟ್ಟಗೆ ನಿಂತ ಗಾಜು, ಬಿಸಿಲು ತಾಗದಂತೆ ಮುಂದೆ ಚಾಚಿದ ಸೂರು. ತೆಂಕಣ ಮುಖಕ್ಕೆ ಒಳಗಿನ ಸೆಕೆ ಹೋಗಲು ಸಂದುಬಿಟ್ಟು ಹೊಡೆದ ಹಲಗೆ. ಕಾರ್ಖಾನೆಗೆ ಕೊಡೆ ಹಿಡಿಸಿದ್ದಾನೆಂದು ದಾರಿಹೋಕರು ನಕ್ಕರು. ಉಳಿದ ಎರಡು ದಿನ ಒಳಗೋಡೆಗೂ ಮಾಡಿನ ಅಡಿಗೂ ಚಿಪ್ಪಿನ ಸುಣ್ಣ ಬಳಿದ. ಬಳಿದಷ್ಟೂ ಬೆಳಕು ಕೆಳಗಿಳಿಯುವುದನ್ನು ಕಂಡು, ಕುಂಚ ಹಿಡಿದೇ ಏಣಿಯಿಂದ ಜಿಗಿದು ಮತ್ತೆ ಹತ್ತುತ್ತಿದ್ದ.

ಎಂಟನೆಯ ದಿನ ಶಾನಭಾಗರು ಆರಿಸಿದ ಬಿಳಿ ಬೀಜಕ್ಕೆ ತಾವೇ ಎಣಿಸಿ ನಲವತ್ತು ಕಂದಿದ್ದು ಬೆರೆಸಿ, ಬಂಗಾರಿಯ ಮುಂದೆ ಸುರಿದರು. ಜಟ್ಟಿ ಕಂಬ ಹಿಡಿದು ನಿಂತ. ಅವಳ ಬೆರಳು ಒಮ್ಮೆಯೂ ನಿಲ್ಲಲಿಲ್ಲ, ಅವಳು ಬಾಗಿಲಿಗೂ ಏಳಲಿಲ್ಲ. ನಲವತ್ತೊಂದು ಎತ್ತಿಟ್ಟಳು. ಹೆಚ್ಚಿನ ಒಂದನ್ನು ಶಾನಭಾಗರು ತಿರುಗಿಸಿ ನೋಡಿದರು. ಅದರ ಬೆನ್ನಲ್ಲಿ ಕೂದಲೆಳೆಯಷ್ಟು ಕಂದು.

"ಆತು," ಎಂದರು. "ಈಗ ಬಲ್ಬು ಆರಿಸಿ. ಅದಿಲ್ದೇ ನೋಡ್ವ."

"ಬೆಳಿಗ್ಗೆಯಿಂದ ಹಚ್ಚಲೇ ಇಲ್ಲ, ಒಡೆಯಾ," ಎಂದ ಜಟ್ಟಿ.

ಒಳಸಾಲು ಉಳಿಯಿತು. ಆಮೇಲೆ ಹೊನ್ನಾವರದ ದಿನಸಿ ಮಳಿಗೆ, ಭಟ್ಕಳದ ಬಟ್ಟೆ ಅಂಗಡಿಗಳು ಅವನನ್ನು ಕರೆಸಿಕೊಂಡವು. ಮಳೆಗಾಲದ ಕಪ್ಪು ಮಧ್ಯಾಹ್ನಗಳಲ್ಲಿ ಮಾತ್ರ ಅಲ್ಲೆಲ್ಲ ದೀಪ ಹಚ್ಚುತ್ತಾರೆ. ಅದನ್ನು ಅವನು ಕೊನೆವರೆಗೂ ತನ್ನ ಸೋಲೆಂದೇ ಹೇಳುತ್ತಿದ್ದ.

ತಮ್ಮನ ಹನ್ನೆರಡನೇ ದಿನ ಮುಗಿದ ಮಾರನೆಯ ಬೆಳಿಗ್ಗೆ, ಈಗ ತಲೆ ನರೆತ ಬಂಗಾರಿ ಎಂದಿನಂತೆ ಕೆಲಸಕ್ಕೆ ಬಂದಳು. ತನ್ನ ಜಾಗದಲ್ಲಿ ಕೂತು ಒಮ್ಮೆ ಮೇಲೆ ನೋಡಿದಳು. ಕಣ್ಣೊರೆಸಿಕೊಂಡು ತಟ್ಟೆ ಎಳೆದುಕೊಂಡಳು. ಬೀಜ ಬೀಜವೂ ಸ್ಪಷ್ಟ ಕಾಣುತ್ತಿತ್ತು.