ಗುರುನಾಥನ ಪಾಲಿನ ಪೆಟ್ಟಿಗೆ

ಗುರುನಾಥನನ್ನು ಮಣ್ಣು ಮಾಡಿದ ದಿನವೂ ನಮ್ಮ ಜೇನು ಸಾಕುವವರ ಸಂಘದ ಸಭೆ ನಡೆಯಿತು. ಮೊದಲೇ ಗೊತ್ತುಮಾಡಿದ ಭಾನುವಾರವಂತೆ, ಮುಂದಕ್ಕೆ ಹಾಕಲು ಬರುವುದಿಲ್ಲವಂತೆ. ಚುರಮುರಿ, ಚಹಾ ಎಲ್ಲ ಎಂದಿನಂತೆಯೇ ಆಯಿತಂತೆ. ಕಾರ್ಯದರ್ಶಿ ಕಾಂತೇಶ ಒಂದು ನಿಮಿಷ ಎದ್ದು ನಿಲ್ಲಲು ಹೇಳಿದನಂತೆ, ಎಲ್ಲರೂ ನಿಂತರಂತೆ. ನಾನು ಆಗ ಮನೋಳಿಯಲ್ಲಿ ಹೆಣದ ಹಿಂದೆ ನಡೆಯುತ್ತಿದ್ದೆ. ಸಂಘದವರ ಪೈಕಿ ಅಲ್ಲಿದ್ದವನು ನಾನೊಬ್ಬನೇ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಗುರುನಾಥನದು ಮನೋಳಿಯ ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗಳು ಸಂಘಮಿತ್ರಾ ಮದುವೆಯಾಗಿ ಹುಬ್ಬಳ್ಳಿ ಸೇರಿದ್ದಳು. ಅಂಗಡಿಯ ಹಿಂದೆ ಹಳೆಯ ಟಾಯರುಗಳ ನಡುವೆ, ಬೇವಿನ ನೆರಳಲ್ಲಿ, ಅವನ ಜೇನುಪೆಟ್ಟಿಗೆಗಳಿದ್ದವು. ಗಿರಾಕಿ ಇಲ್ಲದಾಗ ಅವುಗಳ ಮುಂದೆ ಕುಳಿತಿರುತ್ತಿದ್ದ. ಗಿರಾಕಿ ಬಂದರೂ ಒಮ್ಮೊಮ್ಮೆ ಏಳುತ್ತಿರಲಿಲ್ಲ.

ನಾನು ಸಂಘ ಸೇರಿದ್ದು ಸೂರ್ಯಪಾನದ, ಅಂದರೆ ಸೂರ್ಯಕಾಂತಿಯ, ದೆಸೆಯಿಂದ. ಹೂವು ಮೊರದಗಲ ಅರಳಿದರೂ ಕಾಳು ಜೊಳ್ಳು. ಹುಳ ಕೂರುತ್ತಿಲ್ಲ, ಜೇನು ಇಡು ಎಂದು ಯಾರೋ ಹೇಳಿದರು. ಇನ್ನೊಂದು ಮಾತೂ ಇದೆ. ನನ್ನ ಹೆಂಡತಿ ರಾಯವ್ವ ಜಗಳಾಡಿಕೊಂಡು ಸುರೇಬಾನದ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಹೊಲದ ಮನೆಯಲ್ಲಿ ನಾನು ಬೈದರೆ ಗೋಡೆಯೇ ಕೇಳಿಸಿಕೊಳ್ಳಬೇಕು. ಸವದತ್ತಿಯಲ್ಲಿ ಮೊದಲ ಸಭೆಗೆ ಹೋದಾಗ ಖಾಲಿ ಇದ್ದದ್ದು ಗುರುನಾಥನ ಪಕ್ಕದ ಕುರ್ಚಿ ಒಂದೇ. ಯಾಕೆ ಖಾಲಿ ಇತ್ತೆಂದು ಅಂದು ಕೇಳಲಿಲ್ಲ. ಆಮೇಲೆ ಕೇಳುವ ಅಗತ್ಯ ಬೀಳಲಿಲ್ಲ.

ಸಂಘದಲ್ಲೊಂದು ರೂಢಿ ಇತ್ತು. ಹೊಸಬನಿಗೆ ಹಳಬನೊಬ್ಬ ಒಂದು ಜೇನುಗೂಡು ಕೊಡುತ್ತಾನೆ. ಅದು ಬೆಳೆದು ಎರಡಾದಾಗ ಒಂದು ಪಾಲು ಕೊಟ್ಟವನಿಗೆ ತಿರುಗಿ ಹೋಗಬೇಕು. ನನಗೆ ಕೊಡಲು ಯಾರೂ ಕೈ ಎತ್ತಲಿಲ್ಲ. ಗುರುನಾಥ ಎತ್ತಿದ. ತಾನೇ ಬಂದು ನನ್ನ ಹೊಲದಲ್ಲಿ ಪೆಟ್ಟಿಗೆ ಇಟ್ಟ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟ. ಮುಚ್ಚಳ ಎತ್ತುವಾಗ ನನ್ನ ಕೈಯ ಒರಟುತನ ನೋಡಿ ಹೇಳಿದ:

"ಸಿಟ್ಟು ಮನ್ಯಾಗ ಇಟ್ಟು ಬಾರೋ ಮಾರಾಯಾ. ಇವೇನು ನಿನ್ನ ಬೀಗರಲ್ಲ."

ಸೀಗಿ ಹುಣ್ಣಿಮೆ ಬಂತು. ಒಬ್ಬನೇ ಇದ್ದರೂ ಚರಗ ಬಿಡಲಿಲ್ಲ. ಕಡುಬು, ಹೋಳಿಗೆ ಮಾಡಿಸಿಕೊಂಡು ಬಂದು ಭೂಮಿತಾಯಿಗೆ ಉಣಿಸುತ್ತ ಹೊಲದ ಸುತ್ತ ಚೆಲ್ಲಿದೆ. ಜೇನಿನ ಹತ್ತಿರ ಬಂದಾಗ ಇವಕ್ಕೂ ಹಬ್ಬ ಬೇಡವೇ ಅನ್ನಿಸಿತು. ಉಳಿದ ಕಡೆಗಿಂತ ಒಂದು ಹಿಡಿ ಹೆಚ್ಚಾಗಿಯೇ ಚೆಲ್ಲಿದೆ. ಚೆಲ್ಲಿದ್ದು ಬಟ್ಟಲುಗಳಲ್ಲಿ ಬಿದ್ದು, ನೀರು ಹೀರಿ ಉಬ್ಬಿ, ಇರುವೆಗಳಿಗೆ ಸೇತುವೆಯಾಯಿತು. ಮರುದಿನ ನೋಡಿದರೆ ಪೆಟ್ಟಿಗೆಯ ಒಳಗೂ ಹೊರಗೂ ಕರ್ರಗೆ ಇರುವೆ. ಕೆಳಗೆ ಸತ್ತ ಜೇನಿನ ರಾಶಿ.

ಕಾಂತೇಶನಿಗೆ ಫೋನ್ ಮಾಡಿದೆ. ಅವನು ನಕ್ಕು, ಸಭೆಗೆ ಬಂದಾಗ ಹೇಳಿರಿ ಎಂದ. ಗುರುನಾಥ ಅಂಗಡಿ ಮುಚ್ಚಿ ಮೊಪೆಡ್ ಹತ್ತಿ ಬಂದ. ಬಟ್ಟಲು ನೋಡಿದ, ನನ್ನ ಮುಖ ನೋಡಿದ.

"ಜೇನಿಗೂ ಚರಗಾ ಚೆಲ್ಲಿಯೇನು?"

"ಹಬ್ಬಾ ಎಲ್ಲಾರಿಗೂ ಇರತೈತಿ."

"ಹೌದಪಾ. ಇರುವಿ ಉಂಡು ಹೋದುವು."

ಬೂದಿ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಒಂದೊಂದೇ ಮೇಣದ ಎರಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. ರಾಣಿ ಇರಲಿಲ್ಲ. ಮೊಟ್ಟೆ, ಮರಿ ಎಲ್ಲ ಇರುವೆಯ ಪಾಲಾಗಿತ್ತು. ಮೊಟ್ಟೆಯೇ ಇಲ್ಲದಿದ್ದರೆ ಉಳಿದ ಜೇನು ಹೊಸ ರಾಣಿಯನ್ನು ಮಾಡಿಕೊಳ್ಳುವುದು ಯಾವುದರಿಂದ? ಇನ್ನು ಕೆಲವು ದಿನದಲ್ಲಿ ಪೆಟ್ಟಿಗೆ ಬರಿದಾಗುತ್ತದೆ ಎಂದ. ಆ ಗುಂಯ್ ಸದ್ದೂ ಹೋದರೆ ಹೊಲದಲ್ಲಿ ನನಗೆ ಏನೂ ಉಳಿಯುತ್ತಿರಲಿಲ್ಲ. ಅವನು ಮೊಪೆಡ್ ತಿರುಗಿಸಿಕೊಂಡು ಹೋಗಿ, ತನ್ನ ಪೆಟ್ಟಿಗೆಯಿಂದ ಮೊಟ್ಟೆ ತುಂಬಿದ ಎರಿಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದ.

"ನಿಂದು ಬಡವಾಗೂದಿಲ್ಲೇನು?" ಎಂದೆ.

"ಆಗತೈತಿ, ಮತ್ತ ತುಂಬತೈತಿ. ನಿಂದು ಎರಡಾದಾಗ ನನ್ನ ಪಾಲು ಕೊಡು, ಸಾಕು."

ಅಲ್ಲಿಂದ ಸಂಜೆಯಾದರೆ ಬರುತ್ತಿದ್ದ. ಮುಚ್ಚಳ ಮಾತ್ರ ತೆಗೆಯಗೊಡುತ್ತಿರಲಿಲ್ಲ. ಹಲಗೆಗೆ ಕಿವಿ ಹಚ್ಚಿ ಕೇಳು ಅನ್ನುತ್ತಿದ್ದ. ನಾನು ಕೇಳುತ್ತಿದ್ದೆ, ಅವನೂ ಕೇಳುತ್ತಿದ್ದ. ಆಮೇಲೆ ಚಹಾ ಕುಡಿದು ಬದುವಿನ ಮೇಲೆ ಕೂರುತ್ತಿದ್ದೆವು. ರಾಯವ್ವ ಎಲ್ಲಿ ಎಂದು ಅವನು ಕೇಳಲಿಲ್ಲ. ಮಗಳು ಯಾಕೆ ಬರುವುದಿಲ್ಲ ಎಂದು ನಾನು ಕೇಳಲಿಲ್ಲ. ಒಂದು ದಿನ ಬಾಗಿಲಿಗೆ ಇಳಿಯುತ್ತಿದ್ದ ಜೇನುಗಳ ಕಾಲು ತೋರಿಸಿದ. ಎರಡೂ ಹಿಂಗಾಲಿಗೆ ಹಳದಿ ಹೂವಿನ ಹುಡಿ ಅಂಟಿತ್ತು.

"ಮರಿಗೆ ಉಣ್ಣಾಕ ಒಯ್ಯಾಕ ಹತ್ತ್ಯಾವು. ರಾಣಿ ಆದಳು ನೋಡು."

ನಾನು ಚಹಾ ತರುತ್ತೇನೆ ಎಂದು ಎದ್ದು ಹೋದೆ.

ಸಂಕ್ರಾಂತಿ ಕಳೆದ ಮೇಲೆ ಗುರುನಾಥ ಅಂಗಡಿಯಲ್ಲಿ ಟ್ಯೂಬಿಗೆ ಗಾಳಿ ಹಾಕುತ್ತಿದ್ದವನು ಅಲ್ಲೇ ಕುಸಿದು ಹೋದ. ಮಣ್ಣು ಮುಗಿಸಿ ಅಂಗಡಿಯ ಹಿಂದೆ ಹೋಗಿ ನೋಡಿದೆ. ನನಗೆ ಎರಿ ತೆಗೆದುಕೊಟ್ಟ ಪೆಟ್ಟಿಗೆ ಖಾಲಿ ಇತ್ತು. ಬಲಗುಂದಿದ ಗೂಡಿಗೆ ಮೇಣದ ಹುಳು ಬಿದ್ದು, ಜೇನು ಬಿಟ್ಟು ಹೋಗಿ ಎಷ್ಟೋ ದಿನವಾಗಿತ್ತು. ಅಷ್ಟು ಸಂಜೆ ಬದುವಿನ ಮೇಲೆ ಕುಳಿತವನು ಇದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ.

ಸೂರ್ಯಪಾನ ಅರಳಿದಾಗ ನನ್ನ ಜೇನು ಪೆಟ್ಟಿಗೆ ತುಂಬಿ ಹೊರಗೆ ಜೋತುಬಿತ್ತು. ಅವನು ಹೇಳಿಕೊಟ್ಟಂತೆ ಎರಡು ಮಾಡಿದೆ. ಸಂಘಮಿತ್ರಾಳಿಗೆ ಫೋನ್ ಮಾಡಿ, ನಿಮ್ಮಪ್ಪನ ಪಾಲು ತಯಾರಿದೆ ಎಂದೆ.

"ನಾವು ಮೂರನೇ ಮಾಳಿಗಿ ಮ್ಯಾಲ ಇರತೇವ್ರಿ ಕಾಕಾ, ಎಲ್ಲಿ ಇಡೋಣ್ರಿ? ನೀವಾ ಇಟ್ಕೋರಿ," ಎಂದಳು. ಆಮೇಲೆ ಕೇಳಿದಳು: "ಅಪ್ಪಾ ಸಂಜೀಕ ನಿಮ್ಮ ಕಡೆ ಬರತಿದ್ನಂತ. ಏನು ಮಾತಾಡತಿದ್ದ?"

ನಾವು ಮಾತಾಡುತ್ತಲೇ ಇರಲಿಲ್ಲ. ಮಗಳನ್ನು ನೆನೆಯುತ್ತಿದ್ದ ಎಂದು ಹೇಳಿದೆ.

ವಾರಸುದಾರರು ಬೇಡ ಎಂದರೆ ಪಾಲು ಸಂಘಕ್ಕೆ ಸೇರಬೇಕು ಎಂದು ಕಾಂತೇಶ ಹೇಳಿ ಕಳಿಸಿದ. ಸಂಘ ಕೊಟ್ಟಿದ್ದರೆ ಸಂಘಕ್ಕೆ ಕೊಡುತ್ತಿದ್ದೆ ಎಂದು ಹೇಳಿ ಕಳಿಸಿದೆ, ಜೊತೆಗೆ ಇನ್ನೆರಡು ಮಾತು, ಅವು ಇಲ್ಲಿ ಬೇಡ. ಟಂಟಂ ಗಾಡಿ ಮಾಡಿಕೊಂಡು ಪೆಟ್ಟಿಗೆಯನ್ನು ಮನೋಳಿಗೇ ಒಯ್ದೆ, ಆ ಬೇವಿನ ಕೆಳಗಾದರೂ ಇಟ್ಟು ಬರೋಣವೆಂದು. ಅಂಗಡಿಯಲ್ಲಿ ಚಿಕನ್ ಮಾರುವವನು ಕುಳಿತಿದ್ದ. ಜೇನು ಕಂಡು ಗಾಬರಿಯಾಗಿ, ಇಳಿಸಲೂ ಬಿಡಲಿಲ್ಲ.

ತಿರುಗಿ ತಂದು ಹೊಲದ ಆಚೆ ತುದಿಯಲ್ಲಿ ಇಟ್ಟಿದ್ದೇನೆ. ಬಟ್ಟಲಿಗೆ ದಿನಾ ನೀರು ಹಾಕುತ್ತೇನೆ. ಅದರ ಜೇನುತುಪ್ಪ ತೆಗೆದಿಲ್ಲ. ಈ ವರ್ಷ ಅದೂ ತುಂಬಿ ಎರಡು ಮಾಡುವ ಹೊತ್ತು ಬಂದಿದೆ. ಗುರುನಾಥನಿಗೆ ಕೊಡಬೇಕಾದದ್ದು ಈಗ ಎರಡು ಪೆಟ್ಟಿಗೆ.