ಹದಿನಾರು ಕಿಲೋಬೈಟಿನ ಬೋರ್ಡು ಮತ್ತು ಕೂರಿಸ್ತೀನಿ ಸಾಹೇಬ

ಲಿಫ್ಟುಗಳ ನಿಯಂತ್ರಣ ಪೆಟ್ಟಿಗೆ ತಯಾರಿಸುವ ಆ ಕಂಪನಿಯಲ್ಲಿ ಅವನಿಗೆ ‘ಕೂರಿಸ್ತೀನಿ ಸಾಹೇಬ’ ಎಂಬ ಹೆಸರು ಬಿದ್ದು ಬಹಳ ಕಾಲವಾಗಿತ್ತು. ಎಲ್ಲಿ ಯಾವುದಕ್ಕೆ ಜಾಗ ಸಾಲದೆಂದು ಯಾರು ಹೇಳಿದರೂ, ಮಾತು ಮುಗಿಯುವ ಮೊದಲೇ “ಕೂರಿಸ್ತೀನಿ ಬಿಡಿ” ಎನ್ನುವುದು ಅವನ ಅಭ್ಯಾಸ. ಮನೆಯಲ್ಲೂ ಅದೇ ರೀತಿ. ಚಾವಣಿಗಿಂತ ಎತ್ತರದ ಬೀರುವನ್ನು ಕೊಂಡು ತಂದು, ಅದರ ಕಾಲುಗಳನ್ನು ಗರಗಸದಿಂದ ಕೊಯ್ದು ನಿಲ್ಲಿಸಿದ್ದ. ಅಂದಿನಿಂದ ಅದರ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು, ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಒಳಗಿನ ಬಟ್ಟೆ ತೆಗೆಯಲು ಹೆಂಡತಿ ದಿನವೂ ಭುಜದವರೆಗೆ ಕೈ ತೂರಿಸಬೇಕಿತ್ತು. ಅವನ ಪ್ರಕಾರ ಬೀರು ಚೆನ್ನಾಗಿಯೇ ಕೂತಿತ್ತು.

ಸಂಗತಿ ತಿಳಿಯಬೇಕಾದರೆ ಒಂದು ವಿಷಯ ಸ್ಪಷ್ಟವಾಗಬೇಕು. ವಿದ್ಯುತ್ತು ಬಂದೊಡನೆ ಪೆಟ್ಟಿಗೆಯೊಳಗಿನ ಸರ್ಕಿಟ್ ಬೋರ್ಡಿನಲ್ಲಿ ಮೊದಲು ಏಳುವ ಪುಟ್ಟ ಪ್ರೋಗ್ರಾಮಿಗೆ ಬೂಟ್‌ಲೋಡರ್ ಎಂದು ಹೆಸರು. ಅದು ಲಿಫ್ಟನ್ನು ಓಡಿಸುವುದಿಲ್ಲ. ಓಡಿಸುವ ದೊಡ್ಡ ಪ್ರೋಗ್ರಾಮನ್ನು ಎಬ್ಬಿಸುತ್ತದೆ, ಅದರ ಹೊಸ ಆವೃತ್ತಿ ಬಂದಾಗ ಬರೆದುಕೊಳ್ಳುತ್ತದೆ. ಇದಕ್ಕಾಗಿ ಮೆಮೊರಿಯ ಆರಂಭದಲ್ಲಿ ಒಂದಿಷ್ಟು ಜಾಗ ಮೀಸಲು. ಕಂಪನಿಯ ಹೊಸ ಬೋರ್ಡಿನಲ್ಲಿ ಅರವತ್ತನಾಲ್ಕು ಕಿಲೋಬೈಟು, ನಡುವಿನದರಲ್ಲಿ ಮೂವತ್ತೆರಡು, ಹಳೆಯದರಲ್ಲಿ ಹದಿನಾರು. ಹದಿನಾರು ಮುಗಿದಲ್ಲಿಂದ ದೊಡ್ಡ ಪ್ರೋಗ್ರಾಮಿನ ಸರಹದ್ದು. ನಡುವೆ ಬೇಲಿಯಿಲ್ಲ, ಕಾವಲಿಲ್ಲ. ಮಿತಿ ಮೀರದಂತೆ ನೋಡಿಕೊಳ್ಳುವುದು ಮನುಷ್ಯನ ಕೆಲಸ.

ಆ ಮನುಷ್ಯನಿಗೆ, ಅಂದರೆ ನಮ್ಮ ಸಾಹೇಬನಿಗೆ, ವಿಭಾಗದ ಮುಖ್ಯಸ್ಥನಾಗುವ ಆಸೆ ಹತ್ತಿತ್ತು. ಮೂರು ಬಗೆಯ ಬೋರ್ಡಿಗೆ ಮೂರು ಬೂಟ್‌ಲೋಡರ್ ಏಕೆ, ಎಲ್ಲಕ್ಕೂ ಒಂದನ್ನೇ ಮಾಡಿಕೊಡುತ್ತೇನೆಂದು ಯಜಮಾನರಿಗೆ ಮಾತು ಕೊಟ್ಟ. ಮಾಡಿದರೆ ಆ ಕುರ್ಚಿ ನಿನ್ನದೇ ಎಂದು ಅವರೂ ಹೇಳಿದರು. ಜೊತೆಗೆ, ಲಿಫ್ಟು ಏಳುವಾಗ ಪರದೆಯ ಮೇಲೆ ಕಂಪನಿಯ ಲಾಂಛನ ಮೂಡಬೇಕೆಂದರು. ಲಾಂಛನ ಬರೆದವಳು ಯಜಮಾನರ ಮಗಳು. ಹಾರುವ ಹಕ್ಕಿ, ಅದರ ಹಿಂದೆ ಮೋಡ, ಮೋಡದ ಹಿಂದೆ ಸೂರ್ಯ. ಯಾವುದನ್ನೂ ಅಳಿಸುವಂತಿರಲಿಲ್ಲ.

ಹಕ್ಕಿ, ಮೋಡ, ಸೂರ್ಯ ಸೇರಿ ಬೂಟ್‌ಲೋಡರ್ ಹತ್ತೊಂಬತ್ತು ಕಿಲೋಬೈಟಿಗೆ ಏರಿತು. ಹಳೆಯ ಬೋರ್ಡಿಗಾಗಿ ಪ್ರೋಗ್ರಾಮನ್ನು ಕಟ್ಟುವಾಗ, ಮೂರು ಕಿಲೋಬೈಟು ಹೆಚ್ಚಾಗಿದೆ ಎಂದು ಕಂಪ್ಯೂಟರು ತಕರಾರು ತೆಗೆದು ನಿಂತುಬಿಟ್ಟಿತು. ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ, ವಿಭಾಗದವರೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹಿರಿಯ ಇಂಜಿನಿಯರು, ಹಳೆಯದಕ್ಕೆ ಮಾತ್ರ ಚಿತ್ರ ಬಿಟ್ಟು ಬೇರೆ ಬೂಟ್‌ಲೋಡರ್ ಕಟ್ಟು, ಅದೇನು ಮಹಾ ಕೆಲಸ ಎಂದು ಹೇಳಿದಳು. ಆದರೆ ಬೇರೆಯದನ್ನು ಕಟ್ಟಿದರೆ ‘ಎಲ್ಲಕ್ಕೂ ಒಂದೇ’ ಎಂಬ ಮಾತು ಬಿದ್ದುಹೋಗುತ್ತಿತ್ತು. ಮಾತಿನ ಜೊತೆಗೆ ಕುರ್ಚಿಯೂ.

ಅವನು ಮಾಡಿದ್ದಿಷ್ಟು. ಯಾವ ಬೋರ್ಡಿಗೆ ಎಷ್ಟು ಮಿತಿ ಎಂದು ಕಂಪ್ಯೂಟರಿಗೆ ತಿಳಿಸುವ ಸಾಲಿನಲ್ಲಿ ಹದಿನಾರನ್ನು ಅಳಿಸಿ ಇಪ್ಪತ್ತು ಎಂದು ಬರೆದ. ತಕರಾರು ನಿಂತಿತು.

“ಏನಪ್ಪಾ, ಬೋರ್ಡು ಬೆಳೀತಾ?” ಎಂದಳು ಅಕ್ಕ.

“ಕೂತ್ಕೊಳ್ತಲ್ಲಕ್ಕ, ಇನ್ನೇನು ಬೇಕು?”

“ಕೂತಿದ್ದು ಪಕ್ಕದವನ ತೊಡೆ ಮೇಲೆ. ಅವನು ಎದ್ದಾಗ ಗೊತ್ತಾಗತ್ತೆ.”

ಅಕ್ಕನಿಗೆ ಹೊಟ್ಟೆಕಿಚ್ಚು ಎಂದು ಅವನು ಅಂದು ಸಂಜೆ ಹೆಂಡತಿಯ ಬಳಿ ಹೇಳಿಕೊಂಡ.

ಪ್ರದರ್ಶನದ ದಿನ ಯಜಮಾನರ ಮುಂದೆ ಹಳೆಯ ಬೋರ್ಡಿಗೆ ಹೊಸ ಬೂಟ್‌ಲೋಡರ್ ಹಾಕಿದ. ಹಕ್ಕಿ ಹಾರಿತು. ಬೂಟ್‌ಲೋಡರ್ ದೊಡ್ಡ ಪ್ರೋಗ್ರಾಮನ್ನು ಅದರ ನ್ಯಾಯವಾದ ಜಾಗದಲ್ಲಿ, ಅಂದರೆ ಹದಿನಾರರ ಗಡಿಯಿಂದಲೇ, ಬರೆಯಿತು. ಬರೆಯುತ್ತ ಗಡಿಯಾಚೆ ಚಾಚಿದ್ದ ತನ್ನ ಬಾಲವನ್ನೇ ಅಳಿಸಿಕೊಂಡಿತು. ಅಷ್ಟರಲ್ಲಿ ಅದರ ಕೆಲಸ ಮುಗಿದಿದ್ದರಿಂದ ಆ ಒಂದು ಸಲ ಏನೂ ತೋರಲಿಲ್ಲ. ಮಾದರಿ ಲಿಫ್ಟು ಮೇಲೆ ಹೋಯಿತು, ಕೆಳಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಮ್ಮೆ ಆರಿಸಿ ಮತ್ತೆ ಹಾಕಿ ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ಅಕ್ಕನನ್ನು ಅಂದು ಕರೆದಿರಲಿಲ್ಲ. ಸಂಬಳ ಪಡೆದು ಮಾಡುವ ಪರೀಕ್ಷೆಯ ಯೋಗ್ಯತೆ ಇಷ್ಟು.

ನೆಟ್‌ವರ್ಕಿನ ಮೂಲಕ ಆ ಬೂಟ್‌ಲೋಡರ್ ಊರಿನ ಹಳೆಯ ಲಿಫ್ಟುಗಳಿಗೆಲ್ಲ ಹೋಗಿ, ಅಲ್ಲೂ ದೊಡ್ಡ ಪ್ರೋಗ್ರಾಮನ್ನು ಬರೆಯುತ್ತ ತನ್ನ ಬಾಲವನ್ನು ಅಳಿಸಿಕೊಂಡಿತು. ಅವು ಓಡುತ್ತಲೇ ಇದ್ದವು, ಮುಂದೊಂದು ಮಧ್ಯಾಹ್ನ ವಿದ್ಯುತ್ತು ಹೋಗುವ ತನಕ. ವಿದ್ಯುತ್ತು ಮರಳಿತು, ಹೊಸ ಲಿಫ್ಟುಗಳು ಎದ್ದವು, ಹಳೆಯವು ಎಲ್ಲಿದ್ದವೋ ಅಲ್ಲೇ ನಿಂತವು. ಕಂಪನಿಯ ಫೋನುಗಳು ಬಾಯಿ ಮುಚ್ಚಲಿಲ್ಲ. ಎಬ್ಬಿಸಬೇಕಾದ್ದೇ ಸತ್ತಿದ್ದರಿಂದ ದೂರದಿಂದ ಸರಿಪಡಿಸುವ ದಾರಿಯೂ ಇರಲಿಲ್ಲ.

ಸಭೆ ಸೇರಿತು. ಏಕೆ ಹೀಗಾಯಿತೆಂದು ಯಜಮಾನರು ಕೇಳಿದರು. ಇಪ್ಪತ್ತು ಎಂದು ತಿದ್ದಿದ್ದು ತಾನೇ ಎಂದರೆ ಸಾಹೇಬನ ಕುರ್ಚಿಯ ಆಸೆ ಅಲ್ಲಿಗೇ ಮುಗಿಯುತ್ತಿತ್ತು.

“ಬೋರ್ಡು ತೀರ ಹಳೇದಾಯ್ತು ಸರ್. ಹೊಸ ತಂತ್ರಜ್ಞಾನ ತಡ್ಕೊಳ್ಳೋ ಶಕ್ತಿ ಅದಕ್ಕಿಲ್ಲ,” ಎಂದ.

ಬೋರ್ಡಿಗೆ ಏನೂ ಆಗಿಲ್ಲ, ಹಕ್ಕಿಯ ಚಿತ್ರ ತೆಗೆದು ಮಿತಿಯೊಳಗಿನ ಬೂಟ್‌ಲೋಡರನ್ನು ಕೇಬಲ್ಲಿನಿಂದ ಹಾಕಿದರೆ ಇವತ್ತೇ ಏಳುತ್ತದೆ ಎಂದು ಅಕ್ಕ ಎದ್ದುನಿಂತು ಹೇಳಿದಳು. ಚಿತ್ರದ ಮಾತು ಬಂದೊಡನೆ ಯಜಮಾನರ ಮುಖ ಗಂಟಿಕ್ಕಿತು. ಹಳೆಯ ಬೋರ್ಡುಗಳನ್ನು ಕಿತ್ತು ಹೊಸದನ್ನು ಹಾಕಲು, ಖರ್ಚನ್ನು ಆಯಾ ಕಟ್ಟಡದವರ ಮೇಲೆ ಹೊರಿಸಲು ತೀರ್ಮಾನವಾಯಿತು. ಕೆಲಸದ ಮೇಲ್ವಿಚಾರಣೆಗೆ ಹೊಸ ಮುಖ್ಯಸ್ಥ ಬೇಕಲ್ಲ? ಕೂರಿಸ್ತೀನಿ ಸಾಹೇಬ ಕುರ್ಚಿಯಲ್ಲಿ ಕೂತ. ಆರೋಗ್ಯವಾಗಿದ್ದ ಬೋರ್ಡುಗಳು ರಾಶಿರಾಶಿಯಾಗಿ ಗುಜರಿಗೆ ಹೋದವು. ಹದಿನಾರು ಎಂದು ಮೊದಲ ದಿನದಿಂದ ಹೇಳುತ್ತ ಬಂದ ವಸ್ತುವಿಗೆ ಅಶಕ್ತ ಎಂಬ ಹಣೆಪಟ್ಟಿ, ಕೇಳಿಸಿಕೊಳ್ಳದವನಿಗೆ ಬಡ್ತಿ. ಆ ಕಂಪನಿ ಇದನ್ನು ಆಡಳಿತವೆಂದು ಕರೆಯುತ್ತಿತ್ತು.

ಮೇಲ್ವಿಚಾರಣೆಗೆಂದು ಅವನು ಹೋದ ಒಂದು ಕಟ್ಟಡದಲ್ಲಿ ಐದನೆಯ ಮಹಡಿಯ ನಿವೃತ್ತ ದಾದಿ ಕೆಳಗಿನ ಮೆಟ್ಟಿಲ ಮೇಲೆ ಮಂಡಿ ಹಿಡಿದು ಕೂತಿದ್ದಳು. ಮೆಕ್ಯಾನಿಕ್ ಹಳೆಯ ಬೋರ್ಡನ್ನು ಬಿಚ್ಚುತ್ತಿದ್ದ. ಏನಾಗಿತ್ತೆಂದು ಆಕೆ ಕೇಳಿದಾಗ, ವಯಸ್ಸಾಗಿತ್ತು ಎಂದ ಸಾಹೇಬ.

“ನನಗೂ ಆಗಿದೆಯಪ್ಪ. ಆದ್ರೂ ದಿನಾ ಬೆಳಿಗ್ಗೆ ಏಳ್ತೀನಿ. ಇದೂ ಇಷ್ಟು ವರ್ಷ ಏಳ್ತಾನೇ ಇತ್ತಲ್ಲ?”

“ಅದೃಷ್ಟ ಅಮ್ಮ,” ಎಂದ ಅವನು, ಮತ್ತು ಹೊಸ ಬೋರ್ಡಿನ ಖರ್ಚಿನಲ್ಲಿ ಆಕೆಯ ಪಾಲಿನ ಬಿಲ್ಲಿಗೆ ಸಹಿ ಕೇಳಿದ.